ಪತ್ರದ ಅಂಚಿನಲ್ಲಿದ್ದ ಪ್ರಶ್ನೆ

(ಆಲೂರು ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ, ಹೆಸರು ಹಾಕುವುದು ಬೇಡವೆಂದಿದ್ದಾರೆ. ಒಂದೂವರೆ ಎಕರೆ ಗದ್ದೆ, ಒಂದು ಎಕರೆ ರೊಬಸ್ಟಾ ತೋಟ, ಒಂದು ಹಸು. ಮನೆಯಲ್ಲಿ ಪತ್ನಿ, ಎಂಟನೆಯ ಮತ್ತು ಮೂರನೆಯ ತರಗತಿಯಲ್ಲಿ ಓದುವ ಇಬ್ಬರು ಮಕ್ಕಳು, ಅರವತ್ತೆಂಟು ವರ್ಷದ ತಾಯಿ. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ತಿಂಗಳಿಗೆ 24,000 ರೂಪಾಯಿಯ ಕೆಲಸವನ್ನು ಅವರ ಭಾವಮೈದುನ ಗೊತ್ತುಮಾಡಿದ್ದಾರೆ. ಗದ್ದೆ ಮಾರಿ, 10 ಲಕ್ಷಕ್ಕೆ ಮನೆಯೊಂದನ್ನು ಲೀಸಿಗೆ ಹಿಡಿದು ಸಂಸಾರ ಸಮೇತ ಹೋಗುವುದು ಸರಿಯೇ ಎಂದು ಕೇಳಿದ್ದಾರೆ.)

ಪ್ರಿಯ ಓದುಗರೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಮೂರನೆಯ ಪುಟದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ಅಡ್ಡಲಾಗಿ ಬರೆದ ಸಾಲೊಂದು ಕಣ್ಣಿಗೆ ಬಿತ್ತು: ‘ಹಸು ಏನು ಮಾಡೋದು ಅಂತಲೂ ಕೇಳಿ.’ ಅದನ್ನು ಬರೆದವರು ನಿಮ್ಮ ಶ್ರೀಮತಿಯವರೇ ಇರಬೇಕು. ನಿಮ್ಮ ನಾಲ್ಕು ಪುಟಗಳಿಗಿಂತ ಆ ಒಂದು ಸಾಲೇ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಗದ್ದೆಯ ಮಾತು. ಹೋಗುವುದೇ ಬೇಡವೆಂದು ನಾನು ಹೇಳುವುದಿಲ್ಲ. ಆನೆ ಬಂದು ಹೋದ ಮರುದಿನ ಬೆಳಗ್ಗೆ ಗದ್ದೆಯ ಬದುವಿನ ಮೇಲೆ ನಿಂತವರಿಗೆ, ಊರಿನಲ್ಲೇ ಇರಿ ಎಂದು ಹಾಸನದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ಉಪದೇಶ ಮಾಡುವ ಧೈರ್ಯ ನನಗಿಲ್ಲ. ಆದರೆ ಗದ್ದೆ ಮಾರಿ ಲೀಸಿನ ಮನೆ ಹಿಡಿಯುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಪಹಣಿ ಈಗಲೂ ದಿವಂಗತ ತಂದೆಯವರ ಹೆಸರಿನಲ್ಲಿಯೇ ಇದೆಯೆಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಆ ಗದ್ದೆ ನೀವೊಬ್ಬರೇ ಮಾರಬಹುದಾದ ಸ್ವತ್ತಲ್ಲ. ತಾಯಿಗೂ, ಅರಕಲಗೂಡಿಗೆ ಕೊಟ್ಟಿರುವ ಅಕ್ಕನಿಗೂ ಅದರಲ್ಲಿ ಪಾಲಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಮಗನ ಹಕ್ಕಿಗೆ ಸಮ. ಅಕ್ಕ ಏನೂ ಕೇಳುವವಳಲ್ಲ ಎಂದು ನೀವು ಬರೆದದ್ದು ನಿಜವೇ ಇರಬಹುದು. ಕೇಳದವರ ಸಹಿಯೂ ಬೇಕು. ಆದ್ದರಿಂದ ಮಾರಲಿ ಬಿಡಲಿ, ಊರು ಬಿಡುವ ಮುನ್ನ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಕೊಳ್ಳಿ. ಗ್ರಾಮ ಆಡಳಿತಾಧಿಕಾರಿಯ ಹಿಂದೆ ನಾಲ್ಕು ಸಲ ಓಡಾಡುವುದು ಆಲೂರಿನಲ್ಲಿದ್ದಾಗ ಬೇಸರದ ಕೆಲಸ. ಪೀಣ್ಯದಿಂದ ರಜೆ ಹಾಕಿ ಬಂದು ಓಡಾಡುವುದು ಸಂಬಳ ಕಳೆದುಕೊಳ್ಳುವ ಕೆಲಸ.

ಇನ್ನು ಲೀಸು. ಬಾಡಿಗೆಯೇ ಇಲ್ಲ, ಅವಧಿ ಮುಗಿದ ಮೇಲೆ ಹಣ ಪೂರ್ತಿ ವಾಪಸು ಎಂಬುದು ಕೇಳಲು ಸೊಗಸಾಗಿರುತ್ತದೆ. ನಾನು ಬೆಂಗಳೂರಿನಲ್ಲಿದ್ದ ಏಳು ವರ್ಷಗಳಲ್ಲಿ ಎರಡನ್ನು ಇಂಥದೇ ಮನೆಯಲ್ಲಿ ಕಳೆದೆ. ಮಾಲೀಕರು ಕೆಳಗಿನ ಮನೆಯಲ್ಲೇ ಇದ್ದರು. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸುತ್ತಿದ್ದ ಸಜ್ಜನರು. ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಗೇಟಿಗೆ ಬ್ಯಾಂಕಿನ ನೋಟಿಸು ಅಂಟಿಸಿತ್ತು. ಇನ್ನೂ ಹಸಿಯಾಗಿದ್ದ ಗೋಂದು ಕಬ್ಬಿಣದ ಸರಳಿನ ಮೇಲೆ ಇಳಿದಿತ್ತು. ಮನೆಯನ್ನು ಅಡವಿಟ್ಟು ಪಡೆದ ಸಾಲ ತೀರಿರಲಿಲ್ಲ. ನನ್ನ ಹಣ ಅವರ ಮಗಳ ಮದುವೆಗೆ ಖರ್ಚಾಗಿತ್ತು. ಹಣ ಕೈಗೆ ಬರಲು ನಾಲ್ಕು ವರ್ಷ ಹಿಡಿಯಿತು, ಅದೂ ಪೂರ್ತಿ ಬರಲಿಲ್ಲ. ನನ್ನ ಬಳಿ ಇದ್ದದ್ದು ಛಾಪಾ ಕಾಗದದ ಮೇಲೆ ಬರೆದ, ನೋಂದಣಿಯಾಗದ ಕರಾರು ಮಾತ್ರ. ಒಂದು ವರ್ಷಕ್ಕೆ ಮೀರಿದ ಲೀಸು ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಖರ್ಚಾಗುತ್ತದೆಂದು ಯಾರೂ ಮಾಡಿಸುವುದಿಲ್ಲ, ನಾನೂ ಮಾಡಿಸಿರಲಿಲ್ಲ. ಮುಂದೆಂದಾದರೂ ಲೀಸಿಗೆ ಹೋಗುವುದಾದರೆ ಋಣಭಾರ ಪತ್ರದ ಜೊತೆಗೆ ಮೂಲ ಕ್ರಯಪತ್ರವನ್ನೇ ತೋರಿಸಿ ಎಂದು ಕೇಳಿ. ಜೆರಾಕ್ಸ್ ಮಾತ್ರ ಇದೆಯೆಂದರೆ, ಮೂಲಪತ್ರ ಬ್ಯಾಂಕಿನ ಕಪಾಟಿನಲ್ಲಿದೆಯೆಂದೇ ತಿಳಿದು ಎದ್ದು ಬನ್ನಿ.

ಸದ್ಯಕ್ಕೆ ಬಾಡಿಗೆ ಮನೆಯೇ ಸಾಕು. ನಿಮ್ಮ ಭಾವಮೈದುನರು ತೋರಿಸಿದ ಇನ್ನೊಂದು ಮನೆಗೆ 9,000 ಬಾಡಿಗೆ, 80,000 ಅಡ್ವಾನ್ಸ್ ಎಂದಿದ್ದೀರಿ. ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳಿ. ಮನೆ ಬಿಡುವಾಗ ಪೇಂಟಿಂಗಿಗೆಂದು ಎಷ್ಟು ಮುರಿದುಕೊಳ್ಳುತ್ತಾರೆಂಬುದನ್ನು ಅದರಲ್ಲೇ ಬರೆಸಿ. ನೀರು ಕಾವೇರಿಯದೋ, ಬೋರಿನದೋ, ಟ್ಯಾಂಕರಿನದೋ ಎಂದು ಮಾಲೀಕರನ್ನು ಕೇಳುವುದಕ್ಕಿಂತ ಪಕ್ಕದ ಮನೆಯವರನ್ನು ಕೇಳುವುದು ಲೇಸು. (ಬೆಂಗಳೂರಿಗೆ ಹೋಗುವ ಕಾವೇರಿಯಲ್ಲಿ ಗೊರೂರಿನಿಂದ ಹರಿದು ಕೃಷ್ಣರಾಜಸಾಗರ ಸೇರಿದ ನಮ್ಮ ಹೇಮಾವತಿಯೂ ಇದ್ದಾಳೆ. ನಲ್ಲಿಯಲ್ಲಿ ಅವಳು ವಾರಕ್ಕೆರಡು ದಿನ ಮಾತ್ರ ಬಂದರೆ ಬೇಸರಪಡಬೇಡಿ.) ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು; ಊರಿನ ಪಡಿತರ ಚೀಟಿಯಲ್ಲಿ ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು, ಅದನ್ನು ರದ್ದು ಮಾಡಿಸಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ನೀವು ಒಂದು ವರ್ಷ ಕಾದು ನೋಡೋಣ ಎನ್ನುತ್ತೀರಿ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ದೊಡ್ಡವಳು ಒಂಬತ್ತನೆಯ ತರಗತಿಗೆ ಹೊಸ ಶಾಲೆ ಸೇರಿದರೆ ಎಸ್ಸೆಸ್ಸೆಲ್ಸಿಗೆ ಮುನ್ನ ಒಂದು ವರ್ಷ ಸುಧಾರಿಸಿಕೊಳ್ಳಲು ಸಿಗುತ್ತದೆ. ಹತ್ತನೆಯ ತರಗತಿಗೆ ಶಾಲೆ ಬದಲಿಸುವುದು ಮಗುವಿಗೆ ಅನ್ಯಾಯ. ಹಾಗಾಗಿ ಹೋಗುವುದಾದರೆ ಈ ಮೇ ಕೊನೆಗೆ, ಇಲ್ಲದಿದ್ದರೆ ಅವಳ ಪರೀಕ್ಷೆ ಮುಗಿದ ಮೇಲೆಯೇ. ಚಿಕ್ಕವನಿಗೆ ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಯ ಸೀಟು ಸಿಗಬಹುದೆಂದು ಯಾರೋ ಹೇಳಿದ್ದಾರಂತೆ. ಆ ಶೇಕಡ 25ರ ಸೀಟುಗಳು ಶಾಲೆಯ ಆರಂಭದ ತರಗತಿಗೆ ಮಾತ್ರ. ನಾಲ್ಕನೆಯ ತರಗತಿಗೆ ಇಲ್ಲ. ಆದರೆ ಸರ್ಕಾರಿ ಶಾಲೆಯಲ್ಲಿ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಅವನನ್ನು ಸೇರಿಸಿಕೊಳ್ಳದೆ ಕಳಿಸುವಂತಿಲ್ಲವೆಂದು ಅದೇ ಕಾಯ್ದೆ ಹೇಳುತ್ತದೆ. ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಟ್ಟಿರುವ ಸ್ಯಾಟ್ಸ್ ಸಂಖ್ಯೆಯನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಈಗ ಅಂಚಿನ ಸಾಲಿಗೆ ಬರುತ್ತೇನೆ. ಶ್ರೀಮತಿಯವರ ಬಗ್ಗೆ ‘ಮನೆಯಲ್ಲೇ ಇರುತ್ತಾಳೆ, ಅವಳಿಗೇನೂ ತೊಂದರೆಯಿಲ್ಲ’ ಎಂದು ಬರೆದಿದ್ದೀರಿ. ಅದೇ ಪುಟದ ಕೆಳಗೆ, ಹಸು ದಿನಕ್ಕೆ ಏಳು ಲೀಟರ್ ಡೇರಿಗೆ ಹಾಕುವಷ್ಟು ಕೊಡುತ್ತದೆಂದೂ ಬರೆದಿದ್ದೀರಿ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕುವವರು ಯಾರು? ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೊಂದೇ, ತಡವಾಗಿ ಬಂದರೂ, ತಿಂಗಳಿಗೆ ಸಾವಿರ ದಾಟುತ್ತದೆ. ಹಾಲಿನ ಬಟವಾಡೆ ಬೇರೆ. ಯಾರನ್ನೂ ಕೇಳದೆ ಅವರು ಖರ್ಚು ಮಾಡಬಲ್ಲ ಹಣ ಬಹುಶಃ ಅದೊಂದೇ. ಬೆಂಗಳೂರಿನಲ್ಲಿ ಆ ಹಣ ನಿಲ್ಲುತ್ತದೆ, ಹಾಲನ್ನೇ ಕೊಳ್ಳಬೇಕಾಗುತ್ತದೆ. ಅಕ್ಕಿ, ಸೌದೆ, ಹಿತ್ತಿಲ ಸೊಪ್ಪು, ಬದನೆಕಾಯಿ ಎಲ್ಲಕ್ಕೂ ಬೆಲೆ ಬರುತ್ತದೆ. 24,000ದ ಲೆಕ್ಕವನ್ನು ಇವನ್ನೆಲ್ಲ ಕಳೆದು ಇನ್ನೊಮ್ಮೆ ಬರೆಯಿರಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಪೀಣ್ಯ, ಲಗ್ಗೆರೆ ಕಡೆಯ ಗಾರ್ಮೆಂಟ್ಸಿನಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಎಷ್ಟೋ ಮಂದಿ ದುಡಿಯುತ್ತಿದ್ದಾರೆ. ಶ್ರೀಮತಿಯವರಿಗೆ ಅಂಥ ಕೆಲಸ ಬೇಕೋ ಬೇಡವೋ ಎಂಬುದನ್ನು ಹೋದ ಮೇಲಲ್ಲ, ಹೋಗುವ ಮುಂಚೆ ಕೇಳಬೇಕು.

ತಾಯಿಯವರು ಬರುವುದಿಲ್ಲ ಎಂದಿದ್ದಾರೆ; ಒತ್ತಾಯಿಸಬೇಡಿ. ಎರಡನೆಯ ಮಹಡಿಯ ಮನೆಯಲ್ಲಿ, ಬಾಗಿಲ ಮುಂದೆ ಕೂರಲು ಜಗಲಿಯೂ ಇಲ್ಲದೆ ಅವರು ದಿನ ಕಳೆಯುವುದು ಕಷ್ಟ. ಶಕ್ತಿ ಯೋಜನೆಯಿರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಅವರಿಗೂ ಸೊಸೆಗೂ ಓಡಾಟ ಉಚಿತ. ನಿಮಗೆ ಕುಣಿಗಲ್ ಮೇಲೆ ಹೋಗುವ ರೈಲು 2017ರಿಂದ ಇದೆ. ಅವರು ಊರಿನಲ್ಲಿದ್ದರೆ ತೋಟದ ಮೇಲೂ ಒಂದು ಕಣ್ಣಿರುತ್ತದೆ. ಗದ್ದೆಯನ್ನು ಯಾರಿಗಾದರೂ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಡುವ ಯೋಚನೆಯಿದ್ದರೆ, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ನಿಷೇಧವಿದೆಯೆಂಬುದು ನೆನಪಿರಲಿ; ಊರಲ್ಲೆಲ್ಲ ಬಾಯಿಮಾತಿನಲ್ಲಿ ನಡೆಯುತ್ತದೆ, ಜಗಳವಾದಾಗ ಕಾಗದದಲ್ಲಿ ಏನೂ ಇರುವುದಿಲ್ಲ. ಕಾಫಿಯ ಫಸಲನ್ನು ಗಿಡದ ಮೇಲೆಯೇ ಮಾರುವುದು ಬೇರೆ, ಅದಕ್ಕೆ ಅಡ್ಡಿಯಿಲ್ಲ.

ಹಸುವನ್ನು ತಾಯಿಯವರೊಬ್ಬರೇ ನೋಡಿಕೊಳ್ಳಲಾರರು. ಪಕ್ಕದ ಮನೆಯಲ್ಲಿ ಒಪ್ಪುವವರಿದ್ದರೆ ಪಾಲಿಗೆ ಬಿಡಿ: ಹಾಲು ಸಾಕುವವರಿಗೆ, ಹುಟ್ಟುವ ಕರುವಿನಲ್ಲಿ ಅರ್ಧ ನಿಮಗೆ, ಅಜ್ಜಿಯ ಕಾಫಿಗೆ ದಿನಕ್ಕೆ ಅರ್ಧ ಲೀಟರ್. ಮಾರಲೇಬೇಕಾದರೆ ಕರೆಯುತ್ತಿರುವಾಗಲೇ ಮಾರಿ; ಬತ್ತಿಸಿದ ಮೇಲೆ ದಲ್ಲಾಳಿ ಹೇಳಿದ್ದೇ ಬೆಲೆಯಾಗುತ್ತದೆ. ಬಂದ ಹಣ ಅಡ್ವಾನ್ಸಿಗೆ ಸೇರುವುದು ಬೇಡ. ಅದನ್ನು ಶ್ರೀಮತಿಯವರ ಖಾತೆಗೆ ಹಾಕಿ.

– ಸಂಪಾದಕ