ಸ್ಟೀಮ್, ಎಪಿಕ್, ಹಳೆ ಸಿಡಿ ಗೇಮ್ ಎಲ್ಲಾ ಒಂದೇ ಕಡೆ ಇಡೋಕೆ ಪ್ಲೇನೈಟ್ ಹಾಕಬಹುದಾ?

ಸ್ಟೀಮ್, ಎಪಿಕ್ ಥರದ ಆನ್‌ಲೈನ್ ಗೇಮ್ ಸ್ಟೋರ್‌ಗಳಲ್ಲಿ ಯಾವ ಗೇಮ್ ಎಲ್ಲಿದೆ ಅಂತಲೇ ನೆನಪಿರೋದಿಲ್ಲ, ಎಲ್ಲಾ ಗೇಮ್‌ಗಳನ್ನು ಒಂದೇ ಪಟ್ಟಿಯಲ್ಲಿ ತೋರಿಸುವ ಪ್ಲೇನೈಟ್ ಪ್ರೋಗ್ರಾಂ ಹಾಕಿದರೆ ಸರಿಯಾಗುತ್ತದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ. ನಾನು ಹಾಕಿದ್ದು ಒಂದು ಪೆದ್ದುತನ ಮಾಡಿಕೊಂಡ ಮೇಲೆ. 2020ರ ಮೇ ತಿಂಗಳಲ್ಲಿ ಎಪಿಕ್ ಜಿಟಿಎ 5 ಗೇಮನ್ನು ಉಚಿತವಾಗಿ ಕೊಟ್ಟಿತ್ತಲ್ವಾ, ಆಗ ತಗೊಂಡು ಮರೆತೇಬಿಟ್ಟಿದ್ದೆ. ಎರಡು ವರ್ಷ ಕಳೆದು ಸ್ಟೀಮ್ ಸೇಲ್‌ನಲ್ಲಿ ಅದನ್ನೇ ದುಡ್ಡು ಕೊಟ್ಟು ಕೊಂಡೆ.

ಪ್ಲೇನೈಟ್ ವಿಂಡೋಸ್‌ಗೆ ಮಾತ್ರ ಇರೋದು. ಉಚಿತ, ಓಪನ್ ಸೋರ್ಸ್ (ಅದರ ಕೋಡ್ ಯಾರು ಬೇಕಾದರೂ ನೋಡಬಹುದು). ಸ್ಟೀಮ್, ಎಪಿಕ್, ಜಿಒಜಿ (ಅದೂ ಒಂದು ಗೇಮ್ ಸ್ಟೋರ್) ಅಕೌಂಟ್‌ಗಳನ್ನು ಜೋಡಿಸಿದರೆ ನಿಮ್ಮ ಗೇಮ್‌ಗಳ ಪಟ್ಟಿಯನ್ನು ತಾನೇ ಎಳೆದುಕೊಳ್ಳುತ್ತದೆ. ಹಾಗಂತ ಸ್ಟೀಮ್ ಅಳಿಸಲು ಹೋಗಬೇಡಿ. ಪ್ಲೇನೈಟ್ ಹತ್ತಿರ ಇರೋದು ಪಟ್ಟಿ ಅಷ್ಟೇ, ಗೇಮ್ ಓಡಿಸೋಕೆ ಹಿಂದೆ ಸ್ಟೀಮೇ ಬರಬೇಕು. ಒಂದೇ ಗೇಮ್ ಎರಡು ಸಲ ಕಂಡರೆ ಒಂದನ್ನು ಹೈಡ್ ಮಾಡಿ. ನಾನು ಎಪಿಕ್‌ನ ಜಿಟಿಎ ಹೈಡ್ ಮಾಡಿದ್ದೇನೆ. ದುಡ್ಡು ಕೊಟ್ಟದ್ದು ಕಣ್ಣೆದುರು ಇರಲಿ ಅಂತ.

ಹಳೆ ಸಿಡಿಯಿಂದ ಹಾಕಿದ ಗೇಮ್‌ಗಳಿಗೆ ಫೋಲ್ಡರ್ ತೋರಿಸಿ ಸ್ಕ್ಯಾನ್ ಮಾಡಿಸಬಹುದು. ಸೆಟಪ್, ಅನ್‌ಇನ್‌ಸ್ಟಾಲ್ ಫೈಲ್‌ಗಳೂ ಗೇಮ್ ಅಂತ ನುಸುಳಿ ಬರಬಹುದು. ಅವುಗಳ ಟಿಕ್ ತೆಗೆಯಿರಿ.

ಇನ್ನು ಜೋಡಿಸುವ ಕೆಲಸ. ಆಕ್ಷನ್, ರೇಸಿಂಗ್ ಅಂತ ವಿಂಗಡಿಸುತ್ತಾ, ಕವರ್ ಚಿತ್ರ ಬದಲಿಸುತ್ತಾ ಕೂತರೆ ಮಂಡೆಬಿಸಿ ಮಾತ್ರ. ನಾನೂ ಒಂದು ಭಾನುವಾರ ಪೂರ್ತಿ ಅದನ್ನೇ ಮಾಡಿದೆ, ಒಂದು ಗೇಮ್ ಕೂಡ ಆಡಲಿಲ್ಲ. ಉಪಯೋಗಕ್ಕೆ ಬಂದದ್ದು 'ಕಂಪ್ಲೀಷನ್ ಸ್ಟೇಟಸ್': ಆಡ್ತಾ ಇರೋದು, ಮುಗಿಸಿದ್ದು, ಅರ್ಧಕ್ಕೆ ಬಿಟ್ಟದ್ದು. ಅದರ ಜೊತೆ ನಾನೇ ಒಂದು ಟ್ಯಾಗ್ ಮಾಡಿದೆ, 'ಇಬ್ಬರಿಗೆ' ಅಂತ. ಮಳೆಗಾಲದಲ್ಲಿ ಉಡುಪಿಯಲ್ಲಿ ಶಾಲೆಗೆ ರಜೆ ಕೊಟ್ಟರೆ ಅಣ್ಣನ ಮಗ ನಮ್ಮ ಮನೆಯಲ್ಲೇ. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಎಫ್11 ಒತ್ತಿದರೆ ಪೂರ್ತಿ ಸ್ಕ್ರೀನ್ ಬರುತ್ತದೆ, ಕೈಯಲ್ಲಿರೋ ಗೇಮ್‌ಪ್ಯಾಡಿನಿಂದಲೇ ಎಲ್ಲಾ ನಡೆಯುತ್ತದೆ. 'ಇಬ್ಬರಿಗೆ' ಫಿಲ್ಟರ್ ಹಾಕಿದರೆ ಹದಿನಾಲ್ಕೇ ಗೇಮ್. "ಚಿಕ್ಕಪ್ಪಾ, ಇದೊಂದೇ ಆಡುವ" ಅಂತ ಅವನೇ ಆರಿಸುತ್ತಾನೆ. ಮುನ್ನೂರು ಗೇಮ್ ತೋರಿಸಿದ್ದರೆ ಆರಿಸುವುದರಲ್ಲೇ ಮಧ್ಯಾಹ್ನ ಊಟದ ಹೊತ್ತಾಗುತ್ತಿತ್ತು.

ಬ್ಯಾಕಪ್ ಮರೆಯಬೇಡಿ. ನಮ್ಮ ಕಡೆ ಮೊದಲ ಮಳೆಯ ಸಿಡಿಲು ಹೇಗಿರುತ್ತದೆ ಗೊತ್ತಲ್ವಾ. ಒಂದು ಸಂಜೆ ಚಾರ್ಜರ್ ಸಿಕ್ಕಿಸಿದ್ದ ಹಾಗೇ ಇತ್ತು, ಲ್ಯಾಪ್‌ಟಾಪ್ ಹೋಯಿತು. ಗೇಮ್‌ಗಳು ಅಕೌಂಟ್‌ನಲ್ಲಿದ್ದವು, ಹೊಸದರಲ್ಲಿ ಮತ್ತೆ ಡೌನ್‌ಲೋಡ್ ಆದವು. ಟ್ಯಾಗ್, ಸ್ಟೇಟಸ್ ಮಾತ್ರ ಒಂದೂ ಸಿಗಲಿಲ್ಲ, ಎಲ್ಲಾ ಮೊದಲಿಂದ ಹಾಕಿದೆ. ಪ್ಲೇನೈಟ್ ಮೆನುವಿನಲ್ಲೇ ಬ್ಯಾಕಪ್ ಇದೆ. ನಾನೀಗ ಆ ಫೈಲನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ಹಾಕಿ ಕಪಾಟಿನಲ್ಲಿ ಇಡುತ್ತೇನೆ.