ಓದುಗರ ಪ್ರಶ್ನೆ: ಯುಎಸ್‌ಬಿ ಬೋರ್ಡ್ ಮಾಯವಾಗುವುದೇಕೆ?

ಪ್ರಶ್ನೆ: ದ್ರಾಕ್ಷಿ ತೋಟದ ತೇವಾಂಶ ಅಳೆಯಲು ಸಿಎಚ್340 ಚಿಪ್ (ಯುಎಸ್‌ಬಿಯನ್ನು ಸೀರಿಯಲ್ ಸಂಪರ್ಕವಾಗಿಸುವ ಚಿಪ್) ಇರುವ ಯುಎಸ್‌ಬಿ ಬೋರ್ಡ್ ತಂದಿದ್ದೇನೆ. ಲಿನಕ್ಸ್ ಆಧಾರಿತ ಉಬುಂಟು 22.04ರಲ್ಲಿ ಬೋರ್ಡಿನ ಪೋರ್ಟ್ ‘ಟಿಟಿವೈಯುಎಸ್‌ಬಿ0’ (ttyUSB0) ಕಾಣಿಸಿಕೊಂಡ ಕೂಡಲೇ ಮಾಯವಾಗುತ್ತದೆ. ಬೋರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಮಾಡ್ಯೂಲನ್ನು ನಾನೇ ಮೂಲ ಸಂಕೇತದಿಂದ ಕಂಪೈಲ್ ಮಾಡಬೇಕೇ?
— ಓದುಗರು, ವಿಜಯಪುರ

ಉತ್ತರ: ಖಂಡಿತ ಬೇಡ. ಇದಕ್ಕೆ ಬೇಕಾದ ‘ಸಿಎಚ್341’ ಮಾಡ್ಯೂಲು ಲಿನಕ್ಸ್ ಕರ್ನೆಲ್‌ನ (ವ್ಯವಸ್ಥೆಯ ತಿರುಳಿನ) ಜೊತೆಗೇ ಬರುತ್ತದೆ. ಬೋರ್ಡಿನ ಗುರುತಿನ ಸಂಖ್ಯೆ 1ಎ86:7523 ಕಂಡೊಡನೆ ತಾನಾಗಿಯೇ ಲೋಡ್ ಆಗುತ್ತದೆ. ದೃಷ್ಟಿಹೀನರು ಬೆರಳಿನಿಂದ ಓದುವ ಬ್ರೈಲ್ ಪರದೆಗಳನ್ನು ನಡೆಸುವ ‘ಬಿಆರ್‌ಎಲ್‌ಟಿಟಿವೈ’ (brltty) ಎಂಬ ಸೇವೆಯು, ಅದೇ ಸಂಖ್ಯೆಯ ಬ್ರೈಲ್ ಸಾಧನವೂ ಇರುವುದರಿಂದ, ನಿಮ್ಮ ಬೋರ್ಡನ್ನು ಕರ್ನೆಲ್ ಡ್ರೈವರಿನ ಕೈಯಿಂದ ಕಿತ್ತುಕೊಳ್ಳುತ್ತಿರುವ ಸಾಧ್ಯತೆಯೇ ಹೆಚ್ಚು. ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ (dmesg) ಆದೇಶ ಕೊಟ್ಟು ನೋಡಿ, ಆ ಸೇವೆಯ ಹೆಸರಿನ ಬೆನ್ನಿಗೇ ಸಂಪರ್ಕ ಕಡಿದ ಸಾಲು ಕಾಣುತ್ತದೆ. ದೃಷ್ಟಿಹೀನರು ಬಳಸದ ಗಣಕವಾದರೆ ಆ ಸೇವೆಯನ್ನು ತೆಗೆದುಹಾಕಿ. ಬಳಸುವುದಾದರೆ ಸಾಧನ ಜೋಡಿಸಿದಾಗ ಏನಾಗಬೇಕೆಂದು ಹೇಳುವ ‘ಯುಡೆವ್’ (udev) ನಿಯಮಗಳಲ್ಲಿ ಆ ಸಂಖ್ಯೆಯ ಸಾಲನ್ನಷ್ಟೇ ನಿಷ್ಕ್ರಿಯಗೊಳಿಸಿ. ಬಳಿಕವೂ ಅನುಮತಿ ನಿರಾಕರಣೆಯಾದರೆ ನಿಮ್ಮ ಖಾತೆಯನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿಯಿರುವ ‘ಡಯಲ್‌ಔಟ್’ (dialout) ಗುಂಪಿಗೆ ಸೇರಿಸಿ, ಮರಳಿ ಲಾಗಿನ್ ಆಗಿ.