ಅಷ್ಟು ದೊಡ್ಡ ಕುದುರೆಗೆ ಇಷ್ಟು ಪುಟ್ಟ ಸವಾರ?

ಪ್ರಶ್ನೆ: ಸರ್, ಅಥೆನ್ಸ್‌ಗೆ ಹೋಗಿರುವ ಮಗಳು ಅಲ್ಲಿನ ಮ್ಯೂಸಿಯಮ್ಮಿನ ಒಂದು ಫೋಟೊ ಕಳಿಸಿದ್ದಾಳೆ. ಕಂಚಿನ ಕುದುರೆ, ಮೇಲೊಬ್ಬ ಹುಡುಗ. ಕುದುರೆಗೆ ಅವನು ತೀರಾ ಚಿಕ್ಕವನು. ಜೀನೂ ಇಲ್ಲ. ಬೇರೆ ಬೇರೆ ಶಿಲ್ಪಗಳನ್ನು ತಂದು ಜೋಡಿಸಿದ್ದಾರಾ?
– ಓದುಗರೊಬ್ಬರು, ಹಾಸನ

ಉತ್ತರ: ಈ ಅನುಮಾನ ವಿದ್ವಾಂಸರಿಗೂ ಬಂದಿತ್ತು. ಎರಡೂ ಸಿಕ್ಕಿದ್ದು ಮಾತ್ರ ಒಂದೇ ಕಡೆ. ಗ್ರೀಸಿನ ಆರ್ಟೆಮಿಸಿಯನ್ ಭೂಶಿರದ ಹತ್ತಿರ ಮುಳುಗಿದ್ದ ಹಡಗಿನಲ್ಲಿ, ಅದೂ ತುಂಡು ತುಂಡಾಗಿ. 1928ರಲ್ಲಿ ಹುಡುಗ ಮತ್ತು ಕುದುರೆಯ ಮುಂಭಾಗ, ಹಿಂಭಾಗ ಎಷ್ಟೋ ವರ್ಷದ ಮೇಲೆ. ಎಲ್ಲ ಜೋಡಿಸಿ ಜನರ ಮುಂದೆ ಇಟ್ಟಿದ್ದು 1972ರಲ್ಲಿ. ಕ್ರಿ.ಪೂ. 2ನೇ ಶತಮಾನದ ಕೆಲಸ ಅದು. ನೆಲದ ಮೇಲಿದ್ದ ಕಂಚಿನ ಶಿಲ್ಪಗಳನ್ನು ಜನ ಕರಗಿಸಿ ಬಳಸಿಕೊಂಡರು. ಇದು ಸಮುದ್ರದ ತಳದಲ್ಲಿತ್ತು, ಉಳಿಯಿತು.

ಅಳತೆ ತಪ್ಪಿಲ್ಲ. ಹುಡುಗನ ಎತ್ತರ ಸುಮಾರು 84 ಸೆಂಟಿಮೀಟರ್, ಕುದುರೆಯದು 2 ಮೀಟರಿಗೂ ಜಾಸ್ತಿ. ಆಗಿನ ರೇಸಿನಲ್ಲಿ ಓಡಿಸುತ್ತಿದ್ದವರು ಇಂಥ ಹುಡುಗರೇ. ಮೈ ಹಗುರ ಇದ್ದಷ್ಟೂ ಓಟ ಜೋರು, ಅಲ್ವಾ? ಜೀನು, ರಿಕಾಪು ಯಾವುದೂ ಇಲ್ಲ. ಬರೀ ಬೆನ್ನ ಮೇಲೆ ತೊಡೆ ಬಿಗಿಹಿಡಿದು ಕೂರಬೇಕು, ಕುದುರೆ ನಾಗಾಲೋಟದಲ್ಲಿರುವಾಗ.

ನಾನು 30 ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವನು. ಮಕ್ಕಳಿಗೆ ಕೈ ಬರೆಯುವುದೆಂದರೆ ಭಯ. ಮನುಷ್ಯನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಬಿಡುತ್ತಾರೆ. ಆ ಅಭ್ಯಾಸಕ್ಕೆ ಅಥೆನ್ಸ್‌ನಲ್ಲಿ ನಾನು ಮೊದಲು ನೋಡಿದ್ದು ಇವನ ಎಡಗೈಯನ್ನೇ. ಲಗಾಮು ಎಂದೋ ಹೋಗಿದೆ. ಬೆರಳುಗಳು ಮಾತ್ರ ಇನ್ನೂ ಅದನ್ನು ಹಿಡಿದಂತೆಯೇ ಮಡಚಿಕೊಂಡಿವೆ. ಬಲಗೈಯಲ್ಲಿ ಚಾಟಿ ಇದ್ದಿರಬೇಕು. ಆಮೇಲೆ ತಲೆಯೆತ್ತಿ ಮುಖ ನೋಡಿದೆ. ಹತ್ತು ವರ್ಷದ ಮಗುವಿನ ಹಣೆಯಲ್ಲಿ ಮುದುಕನಿಗಿರುವಂಥ ನೆರಿಗೆ! ಬಾಯಿ ತೆರೆದಿದೆ. ತಲೆ ಎಡಕ್ಕೆ ತಿರುಗಿದೆ, ಹಿಂದೆ ಯಾರು ಬರುತ್ತಿದ್ದಾರೆ ಅಂತ ನೋಡುವ ಹಾಗೆ.

ಕುದುರೆಯ ತೊಡೆಯ ಮೇಲೆ ಒಂದು ಮುದ್ರೆ ಇದೆ: ಗ್ರೀಕರ ವಿಜಯದೇವತೆ ನೈಕೆ, ಕೈಯಲ್ಲಿ ಮಾಲೆ. ಆದರೆ ಒಲಿಂಪಿಯಾದಲ್ಲಿ ಕುದುರೆ ಗೆದ್ದರೆ ಎಲೆಯ ಕಿರೀಟ ಹೋಗುತ್ತಿದ್ದದ್ದು ಅದರ ಯಜಮಾನನ ತಲೆಗೆ, ಓಡಿಸಿದವನಿಗಲ್ಲ. ಇದು ತಿಳಿದಮೇಲೆ ಆ ನೆರಿಗೆ ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಗಳು ಇನ್ನೂ ಅಲ್ಲೇ ಇದ್ದರೆ ಇನ್ನೊಂದು ಫೋಟೊ ತೆಗೆಯಲು ಹೇಳಿ. ಕುದುರೆ ಬೇಡ. ಎಡಗಡೆ ನಿಂತು, ಹುಡುಗನ ಮುಖ ಮತ್ತು ಆ ಕೈ ಅಷ್ಟೇ ಸಾಕು.